ಎಫ್‌ಪಿಎಲ್‌ನಲ್ಲಿ ಎಲ್ಲರ ಕಣ್ಣು ತಪ್ಪಿದ ಆಟಗಾರರನ್ನು ಹುಡುಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್ ನಡೆಸುವ ಫ್ಯಾಂಟಸಿ ಆಟವನ್ನು, ಅಂದರೆ ಎಫ್‌ಪಿಎಲ್ ಅನ್ನು, 1 ಕೋಟಿಗೂ ಜಾಸ್ತಿ ಜನ ಆಡುತ್ತಾರೆ. ನಿಜವಾದ ಫುಟ್‌ಬಾಲ್ ಆಟಗಾರರನ್ನು ಆರಿಸಿ ನಿಮ್ಮದೇ ತಂಡ ಕಟ್ಟುತ್ತೀರಿ, ಅವರು ಪಂದ್ಯದಲ್ಲಿ ಆಡಿದ ಹಾಗೆ ನಿಮಗೆ ಅಂಕ. ಯಾರ ತಂಡ ತೆರೆದು ನೋಡಿದರೂ ಅದೇ ಏಳೆಂಟು ಹೆಸರು. ಗೋಲು ಹೊಡೆಯುವುದಕ್ಕೆ ಹೆಸರಾದ ಹಾಲಂಡ್ ನಿಮ್ಮ ಹತ್ತಿರವೂ ಇದ್ದಾನೆ, ನಿಮ್ಮ ಗೆಳೆಯನ ಹತ್ತಿರವೂ ಇದ್ದಾನೆ. ಅವನು ಎರಡು ಗೋಲು ಹೊಡೆದರೆ ಇಬ್ಬರಿಗೂ ಅಷ್ಟೇ ಅಂಕ. ಗೆಳೆಯರ ನಡುವಿನ ಮಿನಿ ಲೀಗ್‌ನಲ್ಲಿ ಯಾರು ಮೇಲೆ, ಯಾರು ಕೆಳಗೆ ಅಂತ ತೀರ್ಮಾನ ಆಗುವುದು ಉಳಿದ ಮೂರ್ನಾಲ್ಕು ಜಾಗದಲ್ಲಿ. ಆ ಜಾಗಕ್ಕೆ ಯಾರನ್ನು ತರಬೇಕು ಅಂತ ಪ್ರತಿ ಸೀಸನ್‌ನಲ್ಲೂ ತುಂಬ ಜನ ಕೇಳುತ್ತಾರೆ. ಆ ಪ್ರಶ್ನೆಗಳಿಗೆಲ್ಲ ಇಲ್ಲಿ ಒಂದೇ ಕಡೆ ಉತ್ತರ ಬರೆದಿದ್ದೇನೆ.

ನಾನು ಹೊಸಬ. ಮೊದಲು ನಿಯಮ ಹೇಳಿ.

ಬಜೆಟ್ 100 ಮಿಲಿಯನ್ ಪೌಂಡ್. ಅದರಲ್ಲಿ 15 ಆಟಗಾರರು: 2 ಗೋಲ್‌ಕೀಪರ್, 5 ಡಿಫೆಂಡರ್, 5 ಮಿಡ್‌ಫೀಲ್ಡರ್, 3 ಫಾರ್ವರ್ಡ್. ಒಂದು ಕ್ಲಬ್‌ನಿಂದ ಮೂವರು ಮಾತ್ರ. ವಾರಕ್ಕೆ ಒಂದು ಟ್ರಾನ್ಸ್‌ಫರ್ (ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ತರುವುದು) ಉಚಿತ, ಬಳಸದೆ ಬಿಟ್ಟರೆ 5ರ ತನಕ ಕೂಡಿಡಬಹುದು. ಅದಕ್ಕಿಂತ ಜಾಸ್ತಿ ಮಾಡಿದರೆ ಒಂದೊಂದಕ್ಕೂ 4 ಅಂಕ ಕಡಿತ.

ಗೋಲಿಗೆ ಡಿಫೆಂಡರ್‌ಗೆ 6, ಮಿಡ್‌ಫೀಲ್ಡರ್‌ಗೆ 5, ಫಾರ್ವರ್ಡ್‌ಗೆ 4. ಅಸಿಸ್ಟ್‌ಗೆ, ಅಂದರೆ ಗೋಲಿಗೆ ಪಾಸ್ ಕೊಟ್ಟವನಿಗೆ, 3. ತಂಡ ಗೋಲು ಬಿಟ್ಟುಕೊಡದಿದ್ದರೆ (ಕ್ಲೀನ್ ಶೀಟ್) ಡಿಫೆಂಡರ್ ಮತ್ತು ಕೀಪರ್‌ಗೆ 4, ಮಿಡ್‌ಫೀಲ್ಡರ್‌ಗೆ 1. 60 ನಿಮಿಷ ಆಡಿದರೆ 2, ಅದಕ್ಕಿಂತ ಕಮ್ಮಿ ಆಡಿದರೆ 1. ಪ್ರತಿ ಪಂದ್ಯದಲ್ಲಿ ಚೆನ್ನಾಗಿ ಆಡಿದವರಿಗೆ 3, 2, 1 ಅಂತ ಬೋನಸ್. ಇಷ್ಟು ತಲೆಯಲ್ಲಿ ಇಟ್ಟುಕೊಂಡರೆ ಸಾಕು, ಮುಂದಿನದ್ದೆಲ್ಲ ಅರ್ಥವಾಗುತ್ತದೆ.

ಹಾಗಾದರೆ ಯಾರೂ ಕೇಳಿರದ ಹೆಸರುಗಳನ್ನು ಹುಡುಕಬೇಕಾ?

ಬೇಡ. ತುಂಬ ಜನ ದಾರಿ ತಪ್ಪುವುದು ಇಲ್ಲೇ. ಯಾರಿಗೂ ಗೊತ್ತಿಲ್ಲದ ಆಟಗಾರ ಸಾಮಾನ್ಯವಾಗಿ ಆಡುವುದೇ ಇಲ್ಲ, ಅದಕ್ಕೇ ಯಾರಿಗೂ ಗೊತ್ತಿರುವುದಿಲ್ಲ. ನಾವು ಹುಡುಕಬೇಕಾದ್ದು ಬೇರೆ ಥರದವನನ್ನು. ಅವನ ಕೆಲಸ ಬದಲಾಗಿರುತ್ತದೆ, ಬೆಲೆ ಇನ್ನೂ ಬದಲಾಗಿರುವುದಿಲ್ಲ. ಹೊಸ ಕ್ಲಬ್‌ಗೆ ಬಂದಿರುತ್ತಾನೆ, ಪೆನಾಲ್ಟಿ ಹೊಡೆಯಲು ಶುರು ಮಾಡಿರುತ್ತಾನೆ, ಬೆಂಚಿನಿಂದ ಮೊದಲ ಹನ್ನೊಂದಕ್ಕೆ ಏರಿರುತ್ತಾನೆ, ಹಿಂದೆ ಆಡುತ್ತಿದ್ದವನು ಮುಂದೆ ಆಡುತ್ತಿರುತ್ತಾನೆ. ಜನ ಮಾತ್ರ ಅವನನ್ನು ಹಳೇ ಲೆಕ್ಕದಲ್ಲೇ ನೋಡುತ್ತಿರುತ್ತಾರೆ.

ಕೋಲ್ ಪಾಮರ್ ಇದಕ್ಕೆ ಒಳ್ಳೆಯ ಉದಾಹರಣೆ. 2023ರ ಸೆಪ್ಟೆಂಬರ್ 1ರಂದು ಮ್ಯಾಂಚೆಸ್ಟರ್ ಸಿಟಿಯಿಂದ ಚೆಲ್ಸಿಗೆ ಬಂದಾಗ ಎಫ್‌ಪಿಎಲ್‌ನಲ್ಲಿ ಅವನ ಬೆಲೆ 5.0 ಮಿಲಿಯನ್. ಅವನೇನು ಗೊತ್ತಿಲ್ಲದ ಹುಡುಗ ಅಲ್ಲ. ಅದಕ್ಕೂ ಕೆಲವೇ ವಾರ ಮೊದಲು ಸಿಟಿ ಪರ ಕಮ್ಯುನಿಟಿ ಶೀಲ್ಡ್‌ನಲ್ಲಿ ಗೋಲು ಹೊಡೆದಿದ್ದ, ಯುಇಎಫ್‌ಎ ಸೂಪರ್ ಕಪ್‌ನಲ್ಲೂ ಹೊಡೆದಿದ್ದ. ಆದರೆ ಸಿಟಿಯಲ್ಲಿ ಜಾಗ ಸಿಗುತ್ತಿರಲಿಲ್ಲ, ಬೆಲೆ ಅದಕ್ಕೆ ತಕ್ಕ ಹಾಗೆ ಇತ್ತು. ಚೆಲ್ಸಿಯಲ್ಲಿ ಜಾಗ ಸಿಕ್ಕಿತು, ಅಕ್ಟೋಬರ್‌ನಲ್ಲಿ ಬರ್ನ್ಲಿ ವಿರುದ್ಧ ಪೆನಾಲ್ಟಿಯನ್ನೂ ಅವನೇ ಹೊಡೆದ. ಸೀಸನ್ ಮುಗಿದಾಗ 22 ಗೋಲು, 244 ಅಂಕ. ಆ ವರ್ಷ ಇಡೀ ಆಟದಲ್ಲಿ ಅವನಿಗಿಂತ ಜಾಸ್ತಿ ಅಂಕ ಯಾರಿಗೂ ಇರಲಿಲ್ಲ. ಅಕ್ಟೋಬರ್‌ನ ಆ ಪೆನಾಲ್ಟಿ ನೋಡಿ ಕೊಂಡವರು ಜನವರಿಯಲ್ಲಿ ಕೊಂಡವರಿಗಿಂತ ಎಷ್ಟು ಮುಂದಿದ್ದರು ಅಂತ ನೀವೇ ಯೋಚಿಸಿ.

2015-16ರ ರಿಯಾದ್ ಮಹ್ರೆಜ್ ಕಥೆಯೂ ಇಂಥದ್ದೇ. ಶುರುವಿನ ಬೆಲೆ 5.5, ಕೊನೆಗೆ 240 ಅಂಕ, ಲೆಸ್ಟರ್ ಚಾಂಪಿಯನ್. ಜೊತೆಗಿದ್ದ ಜೇಮಿ ವಾರ್ಡಿ ಸತತ 11 ಪಂದ್ಯಗಳಲ್ಲಿ ಗೋಲು ಹೊಡೆದ. ಇಷ್ಟಾದರೂ "ಇದು ಲೆಸ್ಟರ್, ಇನ್ನೆಷ್ಟು ದಿನ ನಡೆದೀತು" ಅಂತ ತಿಂಗಳುಗಟ್ಟಲೆ ಕಾದವರು ಬೇಕಾದಷ್ಟು ಜನ ಇದ್ದರು. ಕ್ಲಬ್‌ನ ಹೆಸರು ನೋಡಿ ಆಟಗಾರನನ್ನು ಅಳೆಯಬೇಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಒಬ್ಬ ಆಟಗಾರನಲ್ಲಿ ಮೊದಲು ಏನು ನೋಡಬೇಕು?

ನಿಮಿಷ. ಹೋದ ವಾರ ಎಷ್ಟು ಅಂಕ ಬಂತು ಅನ್ನುವುದಕ್ಕಿಂತ ಕಳೆದ ನಾಲ್ಕೈದು ಪಂದ್ಯಗಳಲ್ಲಿ ಎಷ್ಟು ನಿಮಿಷ ಆಡಿದ ಅನ್ನುವುದು ಮುಖ್ಯ. 90, 90, 88, 90 ಅಂತ ಇದ್ದರೆ ಮ್ಯಾನೇಜರ್‌ಗೆ ಅವನ ಮೇಲೆ ನಂಬಿಕೆ ಇದೆ ಅಂತ ಅರ್ಥ. 25, 0, 63, 12 ಅಂತ ಇದ್ದರೆ, ಅವನು ಆ 12 ನಿಮಿಷದಲ್ಲಿ ಎರಡು ಗೋಲು ಹೊಡೆದಿದ್ದರೂ ಸ್ವಲ್ಪ ಕಾಯಿರಿ.

ಇನ್ನೊಂದು ತೊಂದರೆ ಇದೆ. ನಿಮ್ಮ ಆಟಗಾರ ಮೈದಾನಕ್ಕೆ ಇಳಿಯದೇ ಇದ್ದರೆ ಬೆಂಚಿನವನ ಅಂಕ ಸಿಗುತ್ತದೆ. 89ನೇ ನಿಮಿಷದಲ್ಲಿ ಒಳಗೆ ಬಂದರೆ 1 ಅಂಕ ಅಷ್ಟೇ, ಬೆಂಚಿನಲ್ಲಿ 10 ಅಂಕ ಇದ್ದರೂ ವ್ಯರ್ಥ. ಹಾಗಾಗಿ ಕೊನೆಗಳಿಗೆಯ ಸಬ್ ಆಗಿ ಬರುವವನಿಗಿಂತ ಪೂರ್ತಿ ಗೈರಾಗುವವನೇ ವಾಸಿ!

ಕಪ್ ಪಂದ್ಯಗಳನ್ನೂ ನೋಡಿ. 2014ರ ಶರತ್ಕಾಲದಲ್ಲಿ ಹ್ಯಾರಿ ಕೇನ್ ಟಾಟನ್‌ಹ್ಯಾಮ್ ಪರ ಲೀಗ್‌ನಲ್ಲಿ ಬೆಂಚಿನಲ್ಲಿದ್ದ, ಆದರೆ ಯುರೋಪಾ ಲೀಗ್‌ನಲ್ಲಿ ಹ್ಯಾಟ್ರಿಕ್ ಹೊಡೆದಿದ್ದ. ನವೆಂಬರ್ 2ರಂದು ಆಸ್ಟನ್ ವಿಲ್ಲಾ ವಿರುದ್ಧ ಬೆಂಚಿನಿಂದ ಬಂದು ಕೊನೆ ಗಳಿಗೆಯಲ್ಲಿ ಫ್ರೀ ಕಿಕ್‌ನಿಂದ ಗೆಲ್ಲಿಸಿದ. ಆಮೇಲೆ ಜಾಗ ಬಿಡಲೇ ಇಲ್ಲ. ಆ ಸೀಸನ್‌ನಲ್ಲಿ 21 ಲೀಗ್ ಗೋಲು. ಗುರುವಾರದ ಯುರೋಪಾ ಲೀಗ್ ಪಂದ್ಯಗಳನ್ನು ನೋಡುತ್ತಿದ್ದವರಿಗೆ ಸುಳಿವು ಮೊದಲೇ ಸಿಕ್ಕಿತ್ತು.

ಪಟ್ಟಿಯಲ್ಲಿ ಡಿಫೆಂಡರ್, ಮೈದಾನದಲ್ಲಿ ಮಿಡ್‌ಫೀಲ್ಡರ್. ಇಂಥವರು ನಿಜವಾಗಲೂ ಇರುತ್ತಾರಾ?

ಇರುತ್ತಾರೆ, ಮತ್ತು ಇವರಷ್ಟು ಲಾಭ ಕೊಡುವವರು ಬೇರೆ ಯಾರೂ ಇಲ್ಲ. ಸೀಸನ್ ಶುರುವಾಗುವ ಮೊದಲು ಎಫ್‌ಪಿಎಲ್ ಪ್ರತಿಯೊಬ್ಬನಿಗೂ ಒಂದು ಸ್ಥಾನ ಕೊಡುತ್ತದೆ, ಅದು ಸೀಸನ್ ಪೂರ್ತಿ ಬದಲಾಗುವುದಿಲ್ಲ. ಮ್ಯಾನೇಜರ್ ಮಾತ್ರ ತನಗೆ ಬೇಕಾದಲ್ಲಿ ಆಡಿಸುತ್ತಾನೆ.

2019-20ರಲ್ಲಿ ಶೆಫೀಲ್ಡ್ ಯುನೈಟೆಡ್ ಆಗಷ್ಟೇ ಮೇಲಿನ ಲೀಗ್‌ಗೆ ಬಂದಿತ್ತು. ಅವರ ಜಾನ್ ಲುಂಡ್‌ಸ್ಟ್ರಮ್ ಪಟ್ಟಿಯಲ್ಲಿ ಡಿಫೆಂಡರ್, ಬೆಲೆ 4.0, ಅಂದರೆ ಆಟದಲ್ಲೇ ಅತಿ ಕಮ್ಮಿ. ಆಡಿದ್ದು ಮಿಡ್‌ಫೀಲ್ಡ್‌ನಲ್ಲಿ. ಆ ತಂಡದ ಡಿಫೆನ್ಸ್ ಬೇರೆ ಗಟ್ಟಿಯಾಗಿತ್ತು. ಹಾಗಾಗಿ ಗೋಲಿಗೆ 6, ಕ್ಲೀನ್ ಶೀಟ್‌ಗೆ 4, ಎರಡೂ ಕಡೆಯಿಂದ ಅಂಕ. 5 ಗೋಲು ಹೊಡೆದ. ಎಲ್ಲರೂ ಬೆಂಚಿಗೆ ಅಂತ ಕೊಂಡವನು ಪ್ರತಿ ವಾರ ಮೊದಲ ಹನ್ನೊಂದರಲ್ಲಿ ನಿಂತ.

ಮರುವರ್ಷ ಲೀಡ್ಸ್‌ನ ಸ್ಟುವರ್ಟ್ ಡಲ್ಲಾಸ್. 4.5ರ ಡಿಫೆಂಡರ್, ಮ್ಯಾನೇಜರ್ ಬಿಯೆಲ್ಸಾ ಅವನನ್ನು ಮಿಡ್‌ಫೀಲ್ಡ್‌ನಲ್ಲೂ ಆಡಿಸಿದರು. 8 ಗೋಲು, 171 ಅಂಕ. 2021ರ ಏಪ್ರಿಲ್‌ನಲ್ಲಿ ಲೀಡ್ಸ್ ಹತ್ತೇ ಜನರಿಂದ ಮ್ಯಾಂಚೆಸ್ಟರ್ ಸಿಟಿಯನ್ನು 2-1ರಿಂದ ಸೋಲಿಸಿತಲ್ಲ, ಆ ಎರಡೂ ಗೋಲು ಅವನದೇ. ಮುಂದಿನ ಸೀಸನ್‌ಗೆ ಇಬ್ಬರನ್ನೂ ಎಫ್‌ಪಿಎಲ್ ಮಿಡ್‌ಫೀಲ್ಡರ್ ಅಂತ ಬದಲಾಯಿಸಿತು. ಆದ್ದರಿಂದ ಇಂಥ ಅವಕಾಶ ಇರುವುದು ಒಂದೇ ವರ್ಷ. ಹೋದ ವರ್ಷದ ಲುಂಡ್‌ಸ್ಟ್ರಮ್ ಈ ವರ್ಷ ಸಿಗುವುದಿಲ್ಲ, ಹೊಸಬನನ್ನೇ ಹುಡುಕಬೇಕು.

ಹುಡುಕುವುದು ಹೇಗೆ ಅಂದರೆ, ಆಗಸ್ಟ್‌ನ ಮೊದಲ ಮೂರು ವಾರ ಪ್ರತಿ ತಂಡದ ಆಟಗಾರರು ಸರಾಸರಿ ಎಲ್ಲಿ ನಿಂತು ಆಡಿದರು ಅಂತ ತೋರಿಸುವ ನಕ್ಷೆ ನೋಡಿ. ಸೋಫಾಸ್ಕೋರ್‌ನಂಥ ಆ್ಯಪ್‌ಗಳಲ್ಲಿ ಉಚಿತವಾಗಿ ಸಿಗುತ್ತದೆ. ಪ್ರೀ ಸೀಸನ್ ಪಂದ್ಯಗಳಲ್ಲೂ ಸುಳಿವು ಇರುತ್ತದೆ, ಗೋಲು ಯಾರು ಹೊಡೆದರು ಅನ್ನುವುದಕ್ಕಿಂತ ಯಾರು ಎಲ್ಲಿ ನಿಂತರು ಅಂತ ನೋಡಿ. ಮಿಡ್‌ಫೀಲ್ಡರ್ ಅಂತ ಇದ್ದು ಸ್ಟ್ರೈಕರ್ ಆಗಿ ಆಡುವವನು ಸಿಕ್ಕರೆ ಅವನನ್ನೂ ಬಿಡಬೇಡಿ.

ಪೆನಾಲ್ಟಿ ಹೊಡೆಯುವವನಿಗೆ ಅಷ್ಟು ಮಹತ್ವ ಯಾಕೆ?

ಸುಮಾರು ನಾಲ್ಕು ಪೆನಾಲ್ಟಿಯಲ್ಲಿ ಮೂರು ಗೋಲಾಗುತ್ತವೆ. ಫುಟ್‌ಬಾಲ್‌ನಲ್ಲಿ ಇಷ್ಟು ಸುಲಭದ ಗೋಲು ಬೇರೆ ಇಲ್ಲ. ಸೀಸನ್‌ನಲ್ಲಿ ಐದಾರು ಪೆನಾಲ್ಟಿ ಸಿಕ್ಕರೆ ಸಾಧಾರಣ ಆಟಗಾರನೂ ಒಳ್ಳೆಯ ಆಟಗಾರನಾಗಿ ಕಾಣುತ್ತಾನೆ.

ಅದಕ್ಕೇ ನಾನು ಟ್ರಾನ್ಸ್‌ಫರ್ ಸುದ್ದಿ ಓದುವಾಗ ಯಾರು ಬಂದರು ಅಂತ ನೋಡುವುದಕ್ಕಿಂತ ಜಾಸ್ತಿ ಯಾರು ಹೋದರು ಅಂತ ನೋಡುತ್ತೇನೆ. 2024ರ ಆಗಸ್ಟ್ ಕೊನೆಯಲ್ಲಿ ಬ್ರೆಂಟ್‌ಫರ್ಡ್‌ನ ಐವನ್ ಟೋನಿ ಸೌದಿಯ ಅಲ್ ಅಹ್ಲಿಗೆ ಹೋದ. ಅವನು ಪೆನಾಲ್ಟಿಗೆ ಹೆಸರಾದವನು. ಆ ಕೆಲಸ ಬ್ರಯಾನ್ ಎಂಬ್ಯೂಮೊ ಪಾಲಿಗೆ ಬಂತು. ಅವನು ಪಟ್ಟಿಯಲ್ಲಿ ಮಿಡ್‌ಫೀಲ್ಡರ್, ಶುರುವಿನ ಬೆಲೆ 7.0. ಆ ಸೀಸನ್‌ನಲ್ಲಿ 20 ಗೋಲು ಹೊಡೆದ. ಟೋನಿ ಹೋದ ಸುದ್ದಿ ಎಲ್ಲ ಪತ್ರಿಕೆಯಲ್ಲೂ ಬಂದಿತ್ತು. ಗುಟ್ಟೇನೂ ಇರಲಿಲ್ಲ. ಒಬ್ಬ ಹೋದರೆ ಅವನ ಕೆಲಸ ಯಾರು ಮಾಡುತ್ತಾರೆ ಅಂತ ಒಂದು ಹೆಜ್ಜೆ ಮುಂದೆ ಯೋಚಿಸಿದವರಿಗೆ ಎಂಬ್ಯೂಮೊ ಸಿಕ್ಕ.

ಕಾರ್ನರ್, ಫ್ರೀ ಕಿಕ್‌ಗಳಿಗೂ ಇದೇ ಲೆಕ್ಕ. ಕ್ಲಬ್‌ವಾರು ಯಾರು ಪೆನಾಲ್ಟಿ, ಯಾರು ಕಾರ್ನರ್ ಅಂತ ಎಫ್‌ಪಿಎಲ್ ಸೈಟ್‌ನಲ್ಲೇ ಪಟ್ಟಿ ಇದೆ. ಅದನ್ನು ತೆರೆದು ನೋಡುವವರೇ ಕಮ್ಮಿ.

ಮ್ಯಾನೇಜರ್ ಬದಲಾದರೆ ಏನು ಮಾಡಬೇಕು?

ಆ ತಂಡದ ಎರಡು ಪಂದ್ಯ ಕೂತು ಪೂರ್ತಿ ನೋಡಿ. ಹೊಸ ಮ್ಯಾನೇಜರ್ ಬಂದಾಗ ಹಳೆಯ ಅಂಕಿ ಅಂಶ ಅರ್ಧ ಕೆಲಸಕ್ಕೆ ಬರುವುದಿಲ್ಲ. 2024ರ ಫೆಬ್ರವರಿಯಲ್ಲಿ ಕ್ರಿಸ್ಟಲ್ ಪ್ಯಾಲೆಸ್‌ಗೆ ಓಲಿವರ್ ಗ್ಲಾಸ್ನರ್ ಬಂದರು. ಅಲ್ಲಿಯ ತನಕ ಜೀನ್ ಫಿಲಿಪ್ ಮಟೆಟಾ ಒಳಗೆ ಹೊರಗೆ ಓಡಾಡುತ್ತಿದ್ದ ಸ್ಟ್ರೈಕರ್. ಆಮೇಲೆ ಬಿಡದೆ ಆಡಿದ, ಬಿಡದೆ ಹೊಡೆದ. ಕೊನೆಯ ದಿನ ಆಸ್ಟನ್ ವಿಲ್ಲಾ ವಿರುದ್ಧ 5-0 ಗೆಲುವಿನಲ್ಲಿ ಹ್ಯಾಟ್ರಿಕ್, ಒಟ್ಟು 16 ಲೀಗ್ ಗೋಲು.

ಕ್ರಿಸ್ ವುಡ್ ಕಥೆಯನ್ನು ಜನ ಪೂರ್ತಿ ಹೇಳುವುದಿಲ್ಲ. 2024-25ರಲ್ಲಿ 20 ಗೋಲು ಹೊಡೆದಾಗ ಎಲ್ಲರಿಗೂ ಆಶ್ಚರ್ಯ, ಬೆಲೆ ಬರೀ 6.0 ಇತ್ತು. ಆದರೆ ಅದರ ಹಿಂದಿನ ಡಿಸೆಂಬರ್‌ನಲ್ಲೇ ನೂನೋ ಅವನ ಕ್ಲಬ್ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಮ್ಯಾನೇಜರ್ ಆಗಿ ಬಂದಿದ್ದರು. ಬಂದ ಕೆಲವೇ ದಿನದಲ್ಲಿ, ಡಿಸೆಂಬರ್ 26ರಂದು, ನ್ಯೂಕಾಸಲ್ ವಿರುದ್ಧ ವುಡ್ ಹ್ಯಾಟ್ರಿಕ್ ಹೊಡೆದಿದ್ದ. ಆ ಸೀಸನ್ ಮುಗಿಯುವ ಹೊತ್ತಿಗೆ ಅವನ ಹತ್ತಿರ 14 ಗೋಲು ಇತ್ತು. ಅಂದರೆ ಎಂಟು ತಿಂಗಳು ಮೊದಲೇ ಎಲ್ಲವೂ ಕಣ್ಣೆದುರು ಇತ್ತು. ವಯಸ್ಸು 30 ದಾಟಿದೆ, ಸಣ್ಣ ಕ್ಲಬ್, ಓಟ ನಿಧಾನ ಅಂತ ಜನ ಅವನನ್ನು ಪಕ್ಕಕ್ಕಿಟ್ಟರು. ಇಂಥ ಆಟಗಾರರ ಬಗ್ಗೆ ನನಗೆ ವಿಶೇಷ ಪ್ರೀತಿ. ಹೊಸ ಹುಡುಗರ ಹಿಂದೆ ಎಲ್ಲರೂ ಓಡುತ್ತಾರೆ, ಇವರ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಎಕ್ಸ್‌ಜಿ ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ನಂಬಬಹುದಾ?

ಒಂದು ಅವಕಾಶ ಸಿಕ್ಕಾಗ ಅದು ಗೋಲಾಗುವ ಸಾಧ್ಯತೆ ಎಷ್ಟು ಅನ್ನುವ ಅಂದಾಜೇ ಎಕ್ಸ್‌ಜಿ. ಗೋಲಿನ ಎದುರಿನಿಂದ ಹೊಡೆದರೆ ಜಾಸ್ತಿ, 30 ಗಜದಿಂದ ಹೊಡೆದರೆ ತೀರಾ ಕಮ್ಮಿ. ಎಫ್‌ಪಿಎಲ್ ಸೈಟ್‌ನಲ್ಲೇ ಈ ಅಂಕಿ ಸಿಗುತ್ತದೆ, ಅಂಡರ್‌ಸ್ಟ್ಯಾಟ್‌ನಲ್ಲೂ ಉಚಿತವಾಗಿ ನೋಡಬಹುದು.

ಇದರಿಂದ ಸಿಗುವ ಲಾಭ ದೊಡ್ಡದು. ಐದು ಪಂದ್ಯದಲ್ಲಿ ಒಂದೂ ಗೋಲಿಲ್ಲ, ಆದರೆ ಎಕ್ಸ್‌ಜಿ ಒಟ್ಟು 3 ಅಂತ ಇದ್ದರೆ ಅವನು ಸರಿಯಾದ ಜಾಗಕ್ಕೆ ಹೋಗುತ್ತಿದ್ದಾನೆ, ಚೆಂಡು ಮಾತ್ರ ಒಳಗೆ ಹೋಗುತ್ತಿಲ್ಲ. ಜನ ಬೇಸತ್ತು ಅವನನ್ನು ಮಾರುತ್ತಿರುತ್ತಾರೆ, ಬೆಲೆ ಇಳಿಯುತ್ತಿರುತ್ತದೆ. ಕೊಳ್ಳಬೇಕಾದ್ದು ಆಗಲೇ. ಇದಕ್ಕೆ ಉಲ್ಟಾ, ಎಕ್ಸ್‌ಜಿ 0.6 ಇದ್ದು 4 ಗೋಲು ಹೊಡೆದವನನ್ನು ಎಲ್ಲರೂ ಕೊಳ್ಳುತ್ತಿರುತ್ತಾರೆ, ನೀವು ಬಿಡಿ.

ಆದರೆ ಇದನ್ನೊಂದೇ ಹಿಡಿದು ಕೂರಬೇಡಿ. ಲಿವರ್‌ಪೂಲ್‌ನಲ್ಲಿದ್ದಾಗ ಡಾರ್ವಿನ್ ನೂನೆಜ್‌ಗೆ ಅವಕಾಶಕ್ಕೆ ಕೊರತೆಯೇ ಇರಲಿಲ್ಲ. 2024ರ ಜನವರಿ 31ರಂದು ಚೆಲ್ಸಿ ವಿರುದ್ಧ ಒಂದೇ ಪಂದ್ಯದಲ್ಲಿ ನಾಲ್ಕು ಸಲ ಗೋಲು ಕಂಬಕ್ಕೆ ಹೊಡೆದ. ಮುಂದಿನ ವಾರ ಹೊಡೆಯುತ್ತಾನೆ, ಅದರ ಮುಂದಿನ ವಾರ ಹೊಡೆಯುತ್ತಾನೆ ಅಂತ ಜನ ಕಾದರು. ಆ ಸೀಸನ್‌ನಲ್ಲಿ ಲೀಗ್ ಗೋಲು 11 ಮಾತ್ರ. ಎರಡು ಸೀಸನ್ ಪೂರ್ತಿ ಅವಕಾಶಕ್ಕಿಂತ ಕಮ್ಮಿ ಗೋಲು ಹೊಡೆಯುವವನಿಗೆ ಅದು ದುರದೃಷ್ಟ ಅಲ್ಲ, ಅವನ ಮಟ್ಟವೇ ಅದು.

ಡಿಫೆಂಡರ್‌ಗಳಲ್ಲಿ ಯಾರನ್ನು ಹುಡುಕಬೇಕು?

2025-26ರಿಂದ ಇಲ್ಲಿ ಲೆಕ್ಕವೇ ಬದಲಾಗಿದೆ. ಒಂದು ಪಂದ್ಯದಲ್ಲಿ ಕ್ಲಿಯರೆನ್ಸ್ (ಚೆಂಡನ್ನು ದೂರ ಹೊಡೆಯುವುದು), ಬ್ಲಾಕ್ (ಹೊಡೆತ ತಡೆಯುವುದು), ಇಂಟರ್‌ಸೆಪ್ಷನ್ (ಪಾಸ್ ನಡುವೆ ಹಿಡಿಯುವುದು), ಟ್ಯಾಕಲ್ (ಚೆಂಡು ಕಸಿಯುವುದು) ಎಲ್ಲ ಸೇರಿ 10 ಆದರೆ ಡಿಫೆಂಡರ್‌ಗೆ 2 ಅಂಕ. ಮಿಡ್‌ಫೀಲ್ಡರ್ ಮತ್ತು ಫಾರ್ವರ್ಡ್‌ಗೆ 12 ಬೇಕು, ಅವರಿಗೆ ಚೆಂಡು ಮರಳಿ ಪಡೆದದ್ದೂ ಲೆಕ್ಕಕ್ಕೆ ಬರುತ್ತದೆ.

ಇದರಿಂದ ಸಾಧಾರಣ ತಂಡಗಳ ಸೆಂಟರ್‌ಬ್ಯಾಕ್‌ಗಳಿಗೆ ಬೆಲೆ ಬಂದಿದೆ. ದೊಡ್ಡ ತಂಡದ ಡಿಫೆಂಡರ್‌ಗೆ ಕೆಲಸವೇ ಕಮ್ಮಿ, ಚೆಂಡು ಅವರ ಹತ್ತಿರವೇ ಇರುತ್ತದೆ. ಎವರ್ಟನ್‌ನ ಟಾರ್ಕೋವ್ಸ್ಕಿಯಂಥವನಿಗೆ 90 ನಿಮಿಷವೂ ತಲೆಯಿಂದ ಹೊಡೆಯುವುದು, ಮೈಯೊಡ್ಡಿ ತಡೆಯುವುದು. ತಂಡ ಸೋತರೂ ಅವನು 4 ಅಂಕ ತಂದುಕೊಡಬಹುದು. ಈ ಆಟ ಇಷ್ಟು ವರ್ಷ ಇಂಥ ದುಡಿಮೆಗೆ ಬೆಲೆ ಕೊಟ್ಟಿರಲಿಲ್ಲ. ನನ್ನ ಪ್ರಕಾರ ಇದು ತುಂಬ ಒಳ್ಳೆಯ ಬದಲಾವಣೆ.

5.0 ಒಳಗಿನ ಡಿಫೆಂಡರ್ ಬೇಕಿದ್ದರೆ ಈ ಅಂಕಿಯನ್ನೇ ಮೊದಲು ನೋಡಿ.

ಬೆಂಚಿಗೆ ತೀರಾ ಅಗ್ಗದವರನ್ನು ತುಂಬಿದರೆ ಸಾಕಲ್ವಾ?

ಒಬ್ಬರು ಓಕೆ. ಮೂವರೂ ಆಡದವರಾದರೆ ಡಿಸೆಂಬರ್‌ನಲ್ಲಿ ಒದ್ದಾಡುತ್ತೀರಿ. ಆ ತಿಂಗಳು ಪಂದ್ಯಗಳು ಒಂದರ ಹಿಂದೆ ಒಂದು ಇರುತ್ತವೆ, ಗಾಯ ಜಾಸ್ತಿ. ಜೊತೆಗೆ ಕಾರ್ಡ್ ನಿಷೇಧ ಬೇರೆ: ತಂಡದ ಮೊದಲ 19 ಪಂದ್ಯದೊಳಗೆ 5 ಹಳದಿ ಕಾರ್ಡ್ ಆದರೆ ಒಂದು ಪಂದ್ಯ ಹೊರಗೆ. ವಾರ ವಾರವೂ ಆಡುವ ಇಬ್ಬರು ಅಗ್ಗದ ಆಟಗಾರರು ಬೆಂಚಿನಲ್ಲಿ ಇರಲಿ.

ಮುಂದಿನ ಪಂದ್ಯಗಳನ್ನು ಎಷ್ಟರ ಮಟ್ಟಿಗೆ ನೋಡಬೇಕು?

ನಾಲ್ಕರಿಂದ ಆರು ಪಂದ್ಯ. ಒಂದೇ ಒಂದು ಸುಲಭದ ಪಂದ್ಯಕ್ಕೋಸ್ಕರ ಟ್ರಾನ್ಸ್‌ಫರ್ ಮಾಡಬೇಡಿ. ಸೈಟ್‌ನಲ್ಲಿ ಪಂದ್ಯಗಳಿಗೆ ಹಸಿರು, ಕೆಂಪು ಬಣ್ಣ ಕೊಟ್ಟಿರುತ್ತಾರೆ, ಅದು ಒರಟು ಅಂದಾಜು ಅಷ್ಟೇ. ಎದುರಾಳಿ ತಂಡ ಕಳೆದ ತಿಂಗಳು ಎಷ್ಟು ಅವಕಾಶ ಬಿಟ್ಟುಕೊಟ್ಟಿದೆ ಅಂತ ನೀವೇ ನೋಡುವುದು ಒಳ್ಳೆಯದು.

ಸೀಸನ್‌ನ ಎರಡನೇ ಅರ್ಧದಲ್ಲಿ ಎಫ್‌ಎ ಕಪ್ ಮತ್ತು ಲೀಗ್ ಕಪ್‌ನಿಂದ ಕೆಲವು ಲೀಗ್ ಪಂದ್ಯ ಮುಂದಕ್ಕೆ ಹೋಗುತ್ತವೆ. ಆಗ ಕೆಲವು ತಂಡಗಳಿಗೆ ಒಂದು ವಾರ ಪಂದ್ಯವೇ ಇರುವುದಿಲ್ಲ, ಇನ್ನೊಂದು ವಾರ ಎರಡಿರುತ್ತವೆ. ಕಪ್‌ನಿಂದ ಬೇಗ ಹೊರಬಿದ್ದ ಸಣ್ಣ ತಂಡಗಳ ಆಟಗಾರರು ಈ ಸಮಯದಲ್ಲಿ ಬಂಗಾರ. ಎಲ್ಲರ ತಂಡ ಖಾಲಿ ಇರುವಾಗ ಅವರು ಆಡುತ್ತಿರುತ್ತಾರೆ.

ಓನರ್‌ಶಿಪ್ (ಎಷ್ಟು ಜನರ ತಂಡದಲ್ಲಿ ಇದ್ದಾನೆ ಅನ್ನುವುದು) ಶೇ. 5ಕ್ಕಿಂತ ಕಮ್ಮಿ ಇದ್ದರೆ ಮಾತ್ರ ಡಿಫರೆನ್ಷಿಯಲ್, ಅಂದರೆ ಬೇರೆಯವರ ಹತ್ತಿರ ಇಲ್ಲದ ಆಟಗಾರ, ಅಂತಾರೆ. ಸರಿನಾ?

ಜಗತ್ತಿನ ಲೆಕ್ಕ ನಿಮಗೆ ಯಾಕೆ? ನೀವು ಆಫೀಸಿನ ಹತ್ತು ಜನರ ಮಿನಿ ಲೀಗ್‌ನಲ್ಲಿ ಆಡುತ್ತಿದ್ದರೆ ಆ ಒಂಬತ್ತು ಜನರ ತಂಡ ನೋಡಿ. ಡೆಡ್‌ಲೈನ್ ಮುಗಿದ ಮೇಲೆ ಎಲ್ಲರ ತಂಡವೂ ತೆರೆದೇ ಇರುತ್ತದೆ. ಜಗತ್ತಿನಲ್ಲಿ ಶೇ. 30 ಜನರ ಹತ್ತಿರ ಇದ್ದು ನಿಮ್ಮ ಲೀಗ್‌ನಲ್ಲಿ ಯಾರ ಹತ್ತಿರವೂ ಇಲ್ಲದವನು ನಿಮಗೆ ಡಿಫರೆನ್ಷಿಯಲ್ಲೇ. ಶೇ. 3 ಇದ್ದರೂ ನಿಮ್ಮ ಎದುರಾಳಿ ಹತ್ತಿರ ಇದ್ದರೆ ಅಲ್ಲ.

ನೀವು 40 ಅಂಕ ಮುಂದಿದ್ದರೆ ಸುಮ್ನೆ ಅವರ ಆಟಗಾರರನ್ನೇ ಇಟ್ಟುಕೊಂಡು ಹೋಗಿ. 40 ಅಂಕ ಹಿಂದಿದ್ದರೆ ಬೇರೆಯವರನ್ನು ತರಲೇಬೇಕು, ಅದರಲ್ಲೂ ಕೊನೆಯ ಎಂಟು ವಾರದಲ್ಲಿ. ಆದರೂ ಒಂದು ಸಲಕ್ಕೆ ಇಬ್ಬರು ಮೂವರಿಗಿಂತ ಜಾಸ್ತಿ ಬೇಡ.

ಬೆಲೆ ಏರುವ ಮೊದಲೇ ಕೊಳ್ಳಬೇಕಾ? ಹಿಟ್ (4 ಅಂಕ ಕಡಿತದ ಹೆಚ್ಚುವರಿ ಟ್ರಾನ್ಸ್‌ಫರ್) ತಗೊಳ್ಳಬಹುದಾ?

ಬೆಲೆ ಒಂದು ಸಲಕ್ಕೆ 0.1 ಏರುತ್ತದೆ ಅಥವಾ ಇಳಿಯುತ್ತದೆ. ಮಾರುವಾಗ ಲಾಭದ ಅರ್ಧ ಮಾತ್ರ ನಿಮಗೆ, ಅಂದರೆ 0.2 ಏರಿದರೆ ಕೈಗೆ ಬರುವುದು 0.1. ಇಷ್ಟಕ್ಕೋಸ್ಕರ ಮಂಗಳವಾರವೇ ಟ್ರಾನ್ಸ್‌ಫರ್ ಮಾಡಿ, ಗುರುವಾರ ಅವನಿಗೆ ಗಾಯ ಅಂತ ಸುದ್ದಿ ಬಂದರೆ ಏನು ಮಾಡುತ್ತೀರಿ? ಶುಕ್ರವಾರದ ಪತ್ರಿಕಾಗೋಷ್ಠಿ ಮುಗಿಯುವ ತನಕ ಕಾಯುವುದೇ ಒಳ್ಳೆಯದು. ಬೆಲೆ ಏರಿ ನಿಮ್ಮ ಬಜೆಟ್‌ಗೆ 0.1 ಸಾಲದೆ ಆಟಗಾರ ಕೈತಪ್ಪುವ ಸ್ಥಿತಿ ಇದ್ದರೆ ಮಾತ್ರ ಬೇಗ ಮಾಡಿ.

ಹಿಟ್ ವಿಷಯದಲ್ಲಿ, ಆಡದವನನ್ನು ತೆಗೆದು ನಾಲ್ಕೈದು ವಾರ ಇಟ್ಟುಕೊಳ್ಳುವವನನ್ನು ತರುವುದಾದರೆ 4 ಅಂಕ ಕೊಡಬಹುದು. ಒಂದು ವಾರದ ಆಸೆಗೆ ಬೇಡ.

ಇಂಥ ಆಟಗಾರನನ್ನು ಕ್ಯಾಪ್ಟನ್ ಮಾಡಬಹುದಾ?

ಸಾಮಾನ್ಯವಾಗಿ ಬೇಡ. ಕ್ಯಾಪ್ಟನ್ ಅಂಕ ಎರಡು ಪಟ್ಟು, ಅದು ನಿಮ್ಮ ತಂಡದಲ್ಲಿ ಅತಿ ಜಾಸ್ತಿ ನಂಬಿಕೆ ಇರುವವನಿಗೆ ಹೋಗಲಿ. ತಂಡಕ್ಕೆ ಎರಡು ಪಂದ್ಯ ಇರುವ ವಾರ, ಅವನು ಪೆನಾಲ್ಟಿ ಕೂಡ ಹೊಡೆಯುವವನಾದರೆ, ಆಗ ಯೋಚಿಸಬಹುದು.

ಭಾರತದಿಂದ ಆಡುವವರಿಗೆ ಸಮಯ ಹೊಂದಿಸಿಕೊಳ್ಳುವುದು ಹೇಗೆ?

ವಾರದ ಮೊದಲ ಪಂದ್ಯಕ್ಕಿಂತ 90 ನಿಮಿಷ ಮೊದಲು ಡೆಡ್‌ಲೈನ್. ಶನಿವಾರ ಅಲ್ಲಿ ಮಧ್ಯಾಹ್ನ 12:30ಕ್ಕೆ ಪಂದ್ಯ ಇದ್ದರೆ ನಮಗೆ ಡೆಡ್‌ಲೈನ್ ಮಧ್ಯಾಹ್ನ 3:30. ಅಕ್ಟೋಬರ್ ಕೊನೆಯಲ್ಲಿ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಆಮೇಲೆ ಮಾರ್ಚ್ ಕೊನೆಯ ತನಕ 4:30. ಮರೆತು ತಪ್ಪಿಸಿಕೊಳ್ಳುವುದು ಶುಕ್ರವಾರ ರಾತ್ರಿ ಪಂದ್ಯ ಇದ್ದಾಗ. ಆಗ ಬೇಸಿಗೆ ಸಮಯದಲ್ಲಿ ರಾತ್ರಿ 11, ಚಳಿಗಾಲದಲ್ಲಿ ರಾತ್ರಿ 12. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ನಮಗೆ ಒಂದು ಅನುಕೂಲವೂ ಇದೆ. ಮ್ಯಾನೇಜರ್‌ಗಳ ಪತ್ರಿಕಾಗೋಷ್ಠಿ ಅಲ್ಲಿ ಬೆಳಗ್ಗೆ, ಮಧ್ಯಾಹ್ನ ನಡೆಯುತ್ತದೆ. ನಮಗೆ ಆಗ ಸಂಜೆ. ಕೆಲಸ ಮುಗಿಸಿ ಬಂದು ನೆಮ್ಮದಿಯಾಗಿ ಓದಿ ನಿರ್ಧಾರ ಮಾಡಬಹುದು.

ಡ್ರಾಫ್ಟ್ ಲೀಗ್‌ನಲ್ಲೂ ಇದೇ ವಿಧಾನವಾ?

ಅಲ್ಲಿ ಇದು ಇನ್ನೂ ಮುಖ್ಯ. ಡ್ರಾಫ್ಟ್‌ನಲ್ಲಿ ಒಬ್ಬ ಆಟಗಾರ ಲೀಗ್‌ನಲ್ಲಿ ಒಬ್ಬರ ಹತ್ತಿರ ಮಾತ್ರ ಇರುತ್ತಾನೆ, ಬೆಲೆ ಅನ್ನುವುದೇ ಇಲ್ಲ. ಯಾರೂ ತೆಗೆದುಕೊಳ್ಳದವರಿಗಾಗಿ ವೇವರ್ (ಅವನು ನನಗೆ ಬೇಕು ಅನ್ನುವ ಕೋರಿಕೆ) ಹಾಕಬೇಕು, ಅದಕ್ಕೆ ಡೆಡ್‌ಲೈನ್‌ಗಿಂತ 24 ಗಂಟೆ ಮೊದಲು ಕೊನೆ. ಟೇಬಲ್‌ನಲ್ಲಿ ಕೆಳಗಿರುವವರಿಗೆ ಮೊದಲ ಅವಕಾಶ. ನೀವು ಮೇಲಿದ್ದರೆ ಎಲ್ಲರಿಗೂ ಕಾಣುವ ಆಟಗಾರ ನಿಮಗೆ ಸಿಗುವುದಿಲ್ಲ, ಹಾಗಾಗಿ ಒಂದು ವಾರ ಮೊದಲೇ ಗುರುತಿಸಬೇಕು. ಗಾಯಗೊಂಡವನ ಬದಲಿಗೆ ಯಾರು ಆಡುತ್ತಾರೆ ಅಂತ ಆ ಸಂಜೆಯೇ ನೋಡಿ.

ಐಪಿಎಲ್ ಫ್ಯಾಂಟಸಿಗೂ ಇದು ನಡೆಯುತ್ತಾ?

ಚೆನ್ನಾಗಿ ನಡೆಯುತ್ತದೆ. ನಮ್ಮ ಆರ್‌ಸಿಬಿಯ ಇತಿಹಾಸವನ್ನೇ ನೋಡಿ. 2011ರ ಹರಾಜಿನಲ್ಲಿ ಕ್ರಿಸ್ ಗೇಲ್‌ನನ್ನು ಯಾರೂ ಕೊಳ್ಳಲಿಲ್ಲ. ಡರ್ಕ್ ನ್ಯಾನೆಸ್ ಗಾಯಗೊಂಡಾಗ ಬದಲಿಯಾಗಿ ಬಂದ, ಮೊದಲ ಪಂದ್ಯದಲ್ಲೇ ಕೋಲ್ಕತ್ತಾ ವಿರುದ್ಧ ಶತಕ, ಕೊನೆಗೆ 608 ರನ್ ಮತ್ತು ಆರೆಂಜ್ ಕ್ಯಾಪ್. 2022ರಲ್ಲಿ ರಜತ್ ಪಾಟಿದಾರ್ ಕೂಡ ಹರಾಜಿನಲ್ಲಿ ಉಳಿದುಹೋಗಿದ್ದ. ನಮ್ಮ ಲವನೀತ್ ಸಿಸೋಡಿಯಾ ಗಾಯಗೊಂಡಾಗ ಬದಲಿಯಾಗಿ ಬಂದು ಎಲಿಮಿನೇಟರ್‌ನಲ್ಲಿ ಲಖನೌ ವಿರುದ್ಧ 54 ಎಸೆತಕ್ಕೆ ಔಟಾಗದೆ 112 ಹೊಡೆದ. 2025ರಲ್ಲಿ ಕಪ್ ಎತ್ತಿದ ನಾಯಕ ಅವನೇ. ಅದೇ ವರ್ಷ ದೇವದತ್ ಪಡಿಕ್ಕಲ್ ಗಾಯಗೊಂಡಾಗ ಬಂದ ಮಯಾಂಕ್ ಅಗರ್‌ವಾಲ್ ಲಖನೌ ವಿರುದ್ಧ 228ರ ಬೆನ್ನಟ್ಟುವಾಗ ಜಿತೇಶ್ ಜೊತೆ ನಿಂತು 23 ಎಸೆತಕ್ಕೆ ಔಟಾಗದೆ 41 ಹೊಡೆದ.

ದೇಶೀ ಕ್ರಿಕೆಟ್ ನೋಡುವವರಿಗೆ ಇಲ್ಲಿ ಲಾಭ ಜಾಸ್ತಿ. 2024-25ರ ವಿಜಯ್ ಹಜಾರೆ ಟೂರ್ನಿಯಲ್ಲಿ ಕರುಣ್ ನಾಯರ್ ವಿದರ್ಭ ಪರ ಐದು ಶತಕದೊಂದಿಗೆ 779 ರನ್ ಮಾಡಿದ್ದ. ಆದರೂ ಐಪಿಎಲ್ ಶುರುವಾದಾಗ ಡೆಲ್ಲಿ ಅವನನ್ನು ಆಡಿಸಲಿಲ್ಲ. ಏಪ್ರಿಲ್ 13ರಂದು ಮುಂಬೈ ವಿರುದ್ಧ ಇಂಪ್ಯಾಕ್ಟ್ ಪ್ಲೇಯರ್ ಆಗಿ ಇಳಿದು 40 ಎಸೆತಕ್ಕೆ 89 ಹೊಡೆದ. ಅವನ ಹಜಾರೆ ಇನಿಂಗ್ಸ್ ನೋಡಿದವರಿಗೆ ಅದು ಆಶ್ಚರ್ಯದ ವಿಷಯವೇ ಅಲ್ಲ.

ದುಡ್ಡು ಹಾಕಿ ಆಡಬಹುದಾ?

ಬೇಡ. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ತಂದು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಎಫ್‌ಪಿಎಲ್ ಪೂರ್ತಿ ಉಚಿತ. ಗೆಳೆಯರ ನಡುವೆ ಮೇಲೆ ಬಂದ ಖುಷಿಗೆ ಆಡಿ.

ತಂದ ಆಟಗಾರ ಅಂಕ ತರುತ್ತಿಲ್ಲ. ಎಷ್ಟು ದಿನ ಇಟ್ಟುಕೊಳ್ಳಲಿ?

ಯಾಕೆ ತಂದಿರಿ ಅಂತ ಕೊಳ್ಳುವಾಗಲೇ ಒಂದು ಸಾಲು ಬರೆದಿಡಿ. "ಪೆನಾಲ್ಟಿ ಹೊಡೆಯುತ್ತಾನೆ, 90 ನಿಮಿಷ ಆಡುತ್ತಾನೆ, ಮುಂದಿನ ಐದು ಪಂದ್ಯ ಸುಲಭ" ಅಂತ. ಮೂರು ವಾರ ಆದ ಮೇಲೆ ಅದನ್ನು ತೆಗೆದು ನೋಡಿ. ಆ ಕಾರಣಗಳು ಇನ್ನೂ ಹಾಗೇ ಇದ್ದರೆ ಅಂಕ ಬರದಿದ್ದರೂ ಇಟ್ಟುಕೊಳ್ಳಿ. ಪೆನಾಲ್ಟಿ ಬೇರೆಯವನ ಪಾಲಾಗಿದ್ದರೆ, ಅಥವಾ 60ನೇ ನಿಮಿಷಕ್ಕೇ ಹೊರಗೆ ಕರೆಯುತ್ತಿದ್ದರೆ, ಹಿಂದಿನ ವಾರ ಗೋಲು ಹೊಡೆದಿದ್ದರೂ ಮಾರಿಬಿಡಿ. ಹೋದ ವಾರದ 12 ಅಂಕ ನೋಡಿ ಬೇರೆಯವರು ಅವನನ್ನು ಕೊಳ್ಳುತ್ತಿರುವಾಗಲೇ ನೀವು ಬಿಟ್ಟರೆ ಬೆಲೆಯೂ ಚೆನ್ನಾಗಿ ಸಿಗುತ್ತದೆ.